ಅಂಗೈ ಮೇಲಿನ ಅಶ್ವದಳ

ಹೊನ್ನಾಳಿಯ ನನ್ನ ಕೋಣೆಯಲ್ಲಿ, ಕಿಟಕಿಯ ಪಕ್ಕದ ಮೇಜಿನ ಮೇಲೆ, ರಾವುತನೊಬ್ಬನು ತಲೆಯಿಲ್ಲದೆ ಕುದುರೆಯೇರಿ ಕುಳಿತಿದ್ದಾನೆ. ಕೆಳಗಿಳಿಸಿ ನೆಟ್ಟಗೆ ನಿಲ್ಲಿಸಿದರೆ ಅವನ ಎತ್ತರ, ತಲೆಯೂ ಸೇರಿದಂತೆ, 24 ಮಿಲಿಮೀಟರು. ಆ ತಲೆಯನ್ನು ನಿನ್ನೆ ರಾತ್ರಿ ಹರಿತವಾದ ಅಲಗಿನಿಂದ ನಾನೇ ತೆಗೆದೆನು. ಇದರಲ್ಲಿ ಕ್ರೌರ್ಯವೇನೂ ಇಲ್ಲ. ಅವನು ಧರಿಸಿದ್ದ ಟೋಪಿ ಹನ್ನೆರಡು ವರ್ಷ ಮುಂದಿನದಾಗಿತ್ತು, ಅಷ್ಟೆ.

ನೆಪೋಲಿಯನ್ನನ ಕಾಲದ ಸೈನಿಕರ ಪುಟ್ಟ ಬೊಂಬೆಗಳನ್ನು ಕೊಂಡು, ಬಣ್ಣ ಹಚ್ಚಿ, ಸಾಲುಗೂಡಿಸಿ ನಿಲ್ಲಿಸುವ ಹವ್ಯಾಸವು ಪಾಶ್ಚಾತ್ಯ ದೇಶಗಳಲ್ಲಿ ಬಹಳವಾಗಿ ಬೆಳೆದಿದೆ. 1815ರ ಜೂನ್ 18ರಂದು ವಾಟರ್ಲೂವಿನಲ್ಲಿ ಸೆಣಸಿದ ಅಶ್ವದಳಗಳು ಪೆಟ್ಟಿಗೆ ಪೆಟ್ಟಿಗೆಯಾಗಿ ದೊರೆಯುತ್ತವೆ. ಅಂಥದೊಂದು ಪೆಟ್ಟಿಗೆಯನ್ನು ತರಿಸಿ ಬಿಚ್ಚಿದ ದಿನ, ಚನ್ನಗಿರಿಯಿಂದ ಬರುವ ನನ್ನ ವಿದ್ಯಾರ್ಥಿಯೊಬ್ಬನು ಬೊಂಬೆಗಳನ್ನೆಲ್ಲ ಒಂದೊಂದಾಗಿ ತಿರುಗಿಸಿ ನೋಡಿ, “ಸಾರ್, ಇದರಲ್ಲಿ ನಮ್ಮೂರಿನ ಧೋಂಡಿಯ ಎಲ್ಲಿದ್ದಾನೆ?” ಎಂದು ಕೇಳಿದನು. ಪ್ರಶ್ನೆ ತಮಾಷೆಯದಾಗಿದ್ದರೂ ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಧೋಂಡಿಯ ವಾಘನು ಚನ್ನಗಿರಿಯಲ್ಲಿ ಹುಟ್ಟಿದವನು. ಹೈದರನ ಅಶ್ವಸೈನ್ಯದಲ್ಲಿ ದುಡಿದು, ಮುಂದೆ ಟಿಪ್ಪುವಿನ ಸೆರೆಯಲ್ಲಿ ಬಿದ್ದಿದ್ದ ಇವನು 1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಾಗ ಹೊರಬಂದನು. ಚದುರಿದ ಸೈನಿಕರನ್ನು ಕೂಡಿಸಿಕೊಂಡು ಬಿದನೂರು ಸೀಮೆಯನ್ನು ಕಲಕಿ, ತನ್ನನ್ನು ‘ಉಭಯಲೋಕಾಧೀಶ್ವರ’ನೆಂದು ಕರೆದುಕೊಂಡನು. ಅವನ ಬೆನ್ನು ಹತ್ತಿದ ಇಂಗ್ಲಿಷ್ ಅಧಿಕಾರಿ ಆರ್ಥರ್ ವೆಲ್ಲೆಸ್ಲಿ; ಹದಿನೈದು ವರ್ಷಗಳ ತರುವಾಯ ವೆಲಿಂಗ್ಟನ್ ಡ್ಯೂಕ್ ಎಂಬ ಹೆಸರಿನಿಂದ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಎದುರಿಸಿದವನೂ ಅವನೇ. 1800ರ ಸೆಪ್ಟೆಂಬರ್ 10ರಂದು, ಕೃಷ್ಣಾ ತುಂಗಭದ್ರೆಗಳ ನಡುವಣ ಕೋಣಗಲ್ಲಿನಲ್ಲಿ, ವೆಲ್ಲೆಸ್ಲಿಯು ಪದಾತಿಗಳಿಗಾಗಿ ಕಾಯದೆ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ ಮೇಲೆ ಬಿದ್ದನು. 19 ಮತ್ತು 25ನೆಯ ಲೈಟ್ ಡ್ರಾಗೂನ್ ದಳಗಳು, ಮದರಾಸಿನ 1 ಮತ್ತು 2ನೆಯ ದೇಶೀಯ ಅಶ್ವದಳಗಳು ಅಲ್ಲಿದ್ದವು. ಎದುರಿಗಿದ್ದ ಸವಾರರು ಸುಮಾರು 5000. ಆ ಕಾಳಗದಲ್ಲಿ ಧೋಂಡಿಯನು ಸತ್ತನು.

ವಾಟರ್ಲೂವಿನ ಪೆಟ್ಟಿಗೆಯಿಂದಲೇ ಕೋಣಗಲ್ಲನ್ನು ಹೊರತೆಗೆಯಬೇಕೆಂದು ನಾವಿಬ್ಬರೂ ಅಂದು ನಿಶ್ಚಯಿಸಿದೆವು.

ಮೊದಲು ಅಳತೆಯ ಮಾತು. ಈ ಬೊಂಬೆಗಳು ನಿಜದ 72ನೆಯ ಒಂದು ಭಾಗದಷ್ಟಿವೆ. ಉದ್ದವು 72 ಪಟ್ಟು ಕುಗ್ಗಿದರೆ ಮೇಲ್ಮೈಯು 5184 ಪಟ್ಟು, ಘನಫಲವು 3,73,248 ಪಟ್ಟು ಕುಗ್ಗುತ್ತದೆ. ಸವಾರನೂ ಕುದುರೆಯೂ ಸೇರಿ 530 ಕಿಲೋಗ್ರಾಂ ತೂಗುವರೆಂದು ಇಟ್ಟುಕೊಂಡರೆ, ಅದೇ ಸಾಂದ್ರತೆಯ ಬೊಂಬೆಯು ತೂಗಬೇಕಾದುದು ಕೇವಲ 1.4 ಗ್ರಾಂ. ಭಾರವು ಘನಫಲದಂತೆಯೂ, ಅದನ್ನು ಹೊರುವ ಕಾಲಿನ ಅಡ್ಡಕೊಯ್ತವು ವರ್ಗದಂತೆಯೂ ಇಳಿಯುವುದರಿಂದ, ಕಾಲಿನ ಮೇಲಣ ಒತ್ತಡ ನಿಜದ ಕುದುರೆಗಿಂತ 72 ಪಟ್ಟು ಕಡಿಮೆ. ನಮ್ಮ ಕುದುರೆಯು ಒಂಟಿ ಕಾಲಿನ ಮೇಲೆ ವರ್ಷಗಟ್ಟಲೆ ನಿಲ್ಲಬಲ್ಲುದು. ಈ ಸಂಗತಿಯು ಮುಂದೆ ನಮ್ಮ ನೆರವಿಗೆ ಬಂದಿತು.

ಕತ್ತರಿಸುವ ಮುನ್ನ ಬೊಂಬೆಯು ಯಾವ ವಸ್ತುವಿನದೆಂದು ತಿಳಿದಿರಬೇಕು. ಗಡುಸಾದ ಪಾಲಿಸ್ಟೈರೀನಾದರೆ ಚಿಂತೆಯಿಲ್ಲ. ಅದಕ್ಕೆಂದೇ ಇರುವ ದ್ರಾವಕದ ಅಂಟು ಎರಡು ಮೈಗಳನ್ನೂ ಕರಗಿಸಿ ಒಂದಾಗಿ ಬೆಸೆಯುತ್ತದೆ. ನಮ್ಮವು ಬಾಗುವಂಥ, ಮುಟ್ಟಿದರೆ ಮೇಣದಂತಿರುವ ಪಾಲಿಥೀನಿನವು. ಅದಕ್ಕೆ ಅಂಟೂ ಹಿಡಿಯದು, ಬಣ್ಣವೂ ಹಿಡಿಯದು. ಇದನ್ನು ನಾನು ಕಲಿತದ್ದು ಅವಮಾನದ ಬೆಲೆ ತೆತ್ತು. ಮೊದಲ ಆರು ಸವಾರರಿಗೆ ಹದಿನೈದು ದಿನ ಬಣ್ಣ ಬಳಿದು ವಿಜ್ಞಾನ ಪ್ರದರ್ಶನದಲ್ಲಿ ಇಟ್ಟಿದ್ದೆನು. ಸಂಜೆಯ ಹೊತ್ತಿಗೆ ಕೈಯಿಂದ ಕೈಗೆ ಸಾಗಿದ ಸವಾರರು ಬೆತ್ತಲೆಯಾಗಿ ಹಿಂದಿರುಗಿದರು. ಬಣ್ಣವೆಲ್ಲ ಹುಡುಗರ ಬೆರಳುಗಳಲ್ಲಿತ್ತು.

ಕಾರಣ ಕೆಸುವಿನೆಲೆಯ ಮೇಲಿನ ನೀರಿಗೆ ಗೊತ್ತು. ನೀರಿನ ಮೇಲ್ಮೈ ಎಳೆತವು ಮೀಟರಿಗೆ ಸುಮಾರು 72 ಮಿಲಿನ್ಯೂಟನ್. (ಮತ್ತೆ 72 ಬಂದಿತೆಂದು ಯಾರೂ ಸಂಖ್ಯಾಶಾಸ್ತ್ರಕ್ಕೆ ಕೈಯಿಕ್ಕಬೇಡಿ.) ಅದೇ ಮಾನದಲ್ಲಿ ಪಾಲಿಥೀನಿನ ಮೇಲ್ಮೈಯದು 31ರ ಆಸುಪಾಸು. ಆದುದರಿಂದ ನೀರಿನಲ್ಲಿ ಕಲಸಿದ ಬಣ್ಣವು ಹರಡಿ ಅಪ್ಪಿಕೊಳ್ಳುವುದಕ್ಕೆ ಬದಲಾಗಿ ಹನಿಗಟ್ಟುತ್ತದೆ. ಒಣಗಿದ ಮೇಲೂ ಹೊದಿಕೆಯಂತಿರುತ್ತದೆಯೇ ಹೊರತು ಚರ್ಮವಾಗುವುದಿಲ್ಲ. ಈಗ ನಾವು ಬೊಂಬೆಗಳನ್ನು ಸಾಬೂನಿನಲ್ಲಿ ತೊಳೆದು, ಅಚ್ಚಿನ ಜಿಡ್ಡನ್ನು ಕಳೆದು, ತೆಳುವಾದ ಫೆವಿಕಾಲಿನ ಲೇಪವನ್ನು ಕೊಡುತ್ತೇವೆ. ಅದು ಒಣಗಿ, ಬಾಗಿದರೂ ಬಿರಿಯದ ಪೊರೆಯಾಗಿ ಬೊಂಬೆಯನ್ನು ಸುತ್ತುವರಿದು ಹಿಡಿಯುತ್ತದೆ. ಕೊಪ್ಪಳದ ಬಳಿಯ ಕಿನ್ನಾಳದ ಚಿತ್ರಗಾರರು ಹುಣಿಸೆಬೀಜದ ಸರಿಯಲ್ಲಿ ಕಲ್ಲಿನ ಪುಡಿ ಕಲಸಿ ಮರದ ಬೊಂಬೆಗೆ ಬಳಿದು, ಆಮೇಲೆ ಬಣ್ಣವೇರಿಸುತ್ತಾರೆ. ತಳಲೇಪವಿಲ್ಲದೆ ಬಣ್ಣ ನಿಲ್ಲದೆಂಬುದನ್ನು ಅವರು ಯಾವ ಕೋಷ್ಟಕವನ್ನೂ ನೋಡದೆ ಬಲ್ಲರು.

ಅಂಟು ಹಿಡಿಯದ ಕಡೆ ಮೊಳೆ ಹಿಡಿಯುತ್ತದೆ. ಕತ್ತಿನಲ್ಲಿ ಬಿಸಿಸೂಜಿಯಿಂದ ರಂಧ್ರ ಮಾಡಿ, ಗುಂಡುಸೂಜಿಯ ತುಂಡನ್ನು ನೆಟ್ಟು, ಬೇರೆ ತಲೆಯನ್ನು ಅದರ ಮೇಲೆ ಕೂರಿಸುತ್ತೇವೆ. ಸಂದನ್ನು ತುಂಬಲು ಅಂಗಡಿಯ ಎಂ-ಸೀಲ್ ಸಾಕು. ನಮ್ಮ ಡ್ರಾಗೂನನ ತಲೆ ಹೋದದ್ದು ಹೀಗೆಯೇ. ವಾಟರ್ಲೂವಿನಲ್ಲಿ ಅವನು ಧರಿಸಿದ್ದ ಎತ್ತರದ ಟೋಪಿ ಬಳಕೆಗೆ ಬಂದುದು 1812ರಲ್ಲಿ. ಕೋಣಗಲ್ಲಿನ ಕಾಲಕ್ಕೆ ಆ ದಳಗಳಿಗಿದ್ದುದು ನೆತ್ತಿಯ ಮೇಲೆ ಜುಟ್ಟುಳ್ಳ ಶಿರಸ್ತ್ರಾಣ. ಮಿದ್ದ ಎಂ-ಸೀಲನ್ನು ಹೊಸೆದು ನೆತ್ತಿಯ ಮೇಲಿಟ್ಟು, ಸೂಜಿಯಿಂದ ಗೀರಿದರೆ ಜುಟ್ಟು ಸಿದ್ಧ. ಬೇಸಿಗೆಯಲ್ಲಿ ಈ ಕೆಲಸಕ್ಕೆ ಅವಸರ ಬೇಕು. ರಾಸಾಯನಿಕ ಕ್ರಿಯೆಯ ವೇಗವು ಉಷ್ಣತೆಯೊಂದಿಗೆ ಏರುವುದರಿಂದ ಏಪ್ರಿಲಿನಲ್ಲಿ ಜುಟ್ಟು ನಮ್ಮ ಮಾತನ್ನು ಕೇಳುವ ಮೊದಲೇ ಕಲ್ಲಾಗಿಬಿಡುತ್ತದೆ.

ಧೋಂಡಿಯನ ಸವಾರರದು ಬೇರೆಯೇ ಸಮಸ್ಯೆ. ಸಿಲೇದಾರನೆಂದರೆ ಸ್ವಂತ ಕುದುರೆ, ಸ್ವಂತ ಆಯುಧ ತಂದು ಚಾಕರಿಗೆ ನಿಲ್ಲುವವನು. ಅವನಿಗೆ ಸಮವಸ್ತ್ರವೆಲ್ಲಿಯದು? ಆದುದರಿಂದ ಒಬ್ಬನಂತೆ ಇನ್ನೊಬ್ಬನಿರಕೂಡದು. ಒಂದೇ ಅಚ್ಚಿನಿಂದ ಬಂದ ಹನ್ನೆರಡು ಬೊಂಬೆಗಳನ್ನು ಹನ್ನೆರಡು ಮನುಷ್ಯರನ್ನಾಗಿ ಮಾಡಬೇಕು. ಇದಕ್ಕೆ ನೆಪೋಲಿಯನ್ನನ ಸೈನ್ಯದಿಂದಲೇ ಸಹಾಯ ದೊರೆಯಿತು. 1798ರ ಈಜಿಪ್ಟ್ ದಂಡಯಾತ್ರೆಯ ಫಲವಾಗಿ ಅವನ ಅಂಗರಕ್ಷಕ ಪಡೆಯಲ್ಲಿ ಮಾಮಲೂಕ್ ಸವಾರರು ಸೇರಿದ್ದರು. ಮುಂಡಾಸು, ಸಡಿಲವಾದ ಇಜಾರು, ಬಾಗಿದ ಕತ್ತಿ ಎಲ್ಲವೂ ಅವರಿಗುಂಟು. (ಆ ಯಾತ್ರೆಯಲ್ಲಿದ್ದಾಗಲೇ, 1799ರ ಜನವರಿಯಲ್ಲಿ, ನೆಪೋಲಿಯನ್ ಕೈರೋವಿನಿಂದ ಟಿಪ್ಪುವಿಗೆ ಪತ್ರ ಬರೆದನು; ಅದು ನಡುದಾರಿಯಲ್ಲೇ ಇಂಗ್ಲಿಷರ ಕೈ ಸೇರಿತು.) ಮಾಮಲೂಕನ ಎತ್ತರದ ಕುಲಾವಿಯನ್ನು ಅರದಿಂದ ಉಜ್ಜಿ ತಗ್ಗಿಸಿ, ತೆಳುಕಾಗದದ ಪಟ್ಟಿಯನ್ನು ಗೋಂದಿನಲ್ಲಿ ನೆನೆಸಿ ಒಬ್ಬೊಬ್ಬನಿಗೆ ಒಂದೊಂದು ಬಗೆಯಾಗಿ ಸುತ್ತುತ್ತೇವೆ. ಮಾತ್ರೆಗಳ ಹಾಳೆಯ ಅಲ್ಯೂಮಿನಿಯಮ್ಮಿನಲ್ಲಿ ಕಾಗದದ ಪಂಚಿನಿಂದ ತೂತು ಹೊಡೆದರೆ 6 ಮಿಲಿಮೀಟರಿನ ಬಿಲ್ಲೆ ಬೀಳುತ್ತದೆ. 72ರಿಂದ ಗುಣಿಸಿದರೆ 43 ಸೆಂಟಿಮೀಟರು, ಒಳ್ಳೆಯ ಗುರಾಣಿಯ ಅಳತೆ! ರಬ್ಬರಿನ ಮೇಲಿಟ್ಟು ಪೆನ್ನಿನ ಹಿಂಬದಿಯಿಂದ ಒತ್ತಿದರೆ ಅದು ಉಬ್ಬುತ್ತದೆ. ಭರ್ಜಿಗೆ ಹೊಲಿಗೆಯ ಸೂಜಿ.

ಕುದುರೆಗಳಲ್ಲಿಯೂ ತಪ್ಪು ಕಂಡಿತು. ಕೆಲವು, ಮುಂಗಾಲೆರಡನ್ನೂ ಮುಂದಕ್ಕೆ, ಹಿಂಗಾಲೆರಡನ್ನೂ ಹಿಂದಕ್ಕೆ ಚಾಚಿ ಹಾರುತ್ತಿದ್ದವು. ಹಳೆಯ ಚಿತ್ರಗಾರರು ನಾಗಾಲೋಟವನ್ನು ಹೀಗೆಯೇ ಬರೆಯುತ್ತಿದ್ದರು. 1878ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಮೈಬ್ರಿಜ್ ಎಂಬವನು ಸಾಲು ಕ್ಯಾಮರಾಗಳನ್ನಿಟ್ಟು ಓಡುವ ಕುದುರೆಯ ಚಿತ್ರ ತೆಗೆದಾಗ ಸತ್ಯವು ಹೊರಬಿದ್ದಿತು. ನಾಲ್ಕು ಗೊರಸೂ ನೆಲ ಬಿಡುವುದು ನಿಜ. ಆದರೆ ಆಗ ಕಾಲುಗಳು ಚಾಚಿರುವುದಿಲ್ಲ, ಹೊಟ್ಟೆಯ ಕೆಳಗೆ ಮುದುಡಿರುತ್ತವೆ. ನಾವು ಬೊಂಬೆಯ ಕಾಲನ್ನು ಕುದಿನೀರಿನಲ್ಲಿ ಅದ್ದಿ, ಮೆತ್ತಗಾದೊಡನೆ ಬಾಗಿಸಿ, ತಣ್ಣೀರಿಗೆ ಹಿಡಿಯುತ್ತೇವೆ. ಪಾಲಿಥೀನು ಹಳೆಯ ರೂಪವನ್ನು ಪೂರ್ತಿ ಮರೆಯದು. ತುಸು ಹೆಚ್ಚಾಗಿಯೇ ಬಾಗಿಸಬೇಕು. ಗಾಳಿಯಲ್ಲಿ ತೇಲಿಸಲು ಸಾಧ್ಯವಿಲ್ಲದುದರಿಂದ, ಅದಕ್ಕೆ ಮೊದಲಿನ ಕ್ಷಣವನ್ನು, ಎಂದರೆ ಒಂದೇ ಮುಂಗಾಲು ನೆಲದಲ್ಲಿರುವ ಕ್ಷಣವನ್ನು, ಆರಿಸಿಕೊಂಡೆವು. ಒಂಟಿ ಕಾಲಿನ ಲೆಕ್ಕ ಇಲ್ಲಿ ಫಲಿಸಿತು.

ಇನ್ನು ಬಣ್ಣ. ಉಷ್ಣದೇಶದಲ್ಲಿದ್ದ ಲೈಟ್ ಡ್ರಾಗೂನರಿಗೆ 1796ರಿಂದ ನೀಲಿಛಾಯೆಯ ಬೂದುಬಣ್ಣದ ಅಂಗಿ ಗೊತ್ತಾಗಿತ್ತು. ಬೂದುಬಣ್ಣವನ್ನು ಬಳಿದ ಮೇಲೆ, ಅದಕ್ಕಿಂತ ಕಪ್ಪಾದುದನ್ನು ನೀರಿನಂತೆ ತೆಳ್ಳಗೆ ಮಾಡಿ ಮೇಲೆ ಹರಿಸಿದರೆ, ಲೋಮನಾಳ ಕ್ರಿಯೆಯಿಂದ ಅದು ತಾನೇ ಮಡಿಕೆಗಳಿಗೆ ಇಳಿದು ನೆರಳಾಗಿ ನಿಲ್ಲುತ್ತದೆ. ಕೆಲವೊಮ್ಮೆ ಮಡಿಕೆಯಲ್ಲಿ ನಿಲ್ಲದೆ ಅಂಚಿನಲ್ಲಿ ಬಳೆಯಂತೆ ಕಟ್ಟುವುದುಂಟು. ಚೆಲ್ಲಿದ ಕಾಫಿಯ ಕಲೆಯ ಅಂಚು ಕಪ್ಪಾಗುವುದೂ ಹೀಗೆಯೇ. ಹನಿಯ ಅಂಚು ಜರುಗದೆ ನಿಂತು, ಅಲ್ಲಿಂದ ನೀರು ಆವಿಯಾಗುತ್ತಿರುವಾಗ, ಆ ಕೊರತೆಯನ್ನು ತುಂಬಲು ನಡುವಿನ ದ್ರವವು ಕಣಗಳನ್ನು ಹೊತ್ತು ಹೊರಕ್ಕೆ ಹರಿಯುತ್ತದೆ. ಇದರ ವಿವರಣೆ ಪ್ರಕಟವಾದುದು 1997ರಷ್ಟು ಈಚೆಗೆ! ಒಂದು ತೊಟ್ಟು ಸಾಬೂನು ನೀರು ಬೆರೆಸಿದರೆ ಉಪದ್ರವ ಕಡಿಮೆಯಾಗುತ್ತದೆ. ಗಾಳಿಯ ತೇವವನ್ನೂ ಗಮನಿಸಬೇಕು. ಮಾರ್ಚಿಯಲ್ಲಿ ಜಗಳೂರಿನ ಹುಡುಗನ ಮನೆಯಲ್ಲಿ ಕುಂಚದ ಮೇಲೆಯೇ ಒಣಗಿದ ಬಣ್ಣ, ಜುಲೈಯಲ್ಲಿ ನ್ಯಾಮತಿಯ ಗೆಳೆಯನ ಮನೆಯಲ್ಲಿ ಸಂಜೆಯಾದರೂ ಆರಲಿಲ್ಲ.

ಬೊಂಬೆಗೆ ಬಣ್ಣವನ್ನು ತಿಳಿಗೊಳಿಸಿ ಬಳಿಯಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿ. ದೂರದ ವಸ್ತುವನ್ನು ಗಾಳಿಯು ಮಸುಕುಗೊಳಿಸುವುದೇ ಇದಕ್ಕೆ ಕಾರಣವೆಂದು ಅವರು ಹೇಳುವುದುಂಟು. ನಾನು ಇದನ್ನು ಒಪ್ಪಲಾರೆ. 40 ಸೆಂಟಿಮೀಟರಿನಿಂದ ನೋಡಿದ ಬೊಂಬೆಯು 29 ಮೀಟರು ದೂರದ ಸವಾರನಿಗೆ ಸಮ. 29 ಮೀಟರಿನ ನಿರ್ಮಲವಾದ ಗಾಳಿ ಏನನ್ನು ಮಸುಕುಗೊಳಿಸೀತು? ನಿಜವಾದ ಕಾರಣ ಬೆಳಕು. ನಡುಹಗಲ ಬಿಸಿಲು ಸುಮಾರು 1,00,000 ಲಕ್ಸ್. ದೀಪ ಹಚ್ಚಿದ ಕೋಣೆ 300 ಲಕ್ಸ್. ಮಂದ ಬೆಳಕಿನಲ್ಲಿ ಕಣ್ಣಿಗೆ ಬಣ್ಣದ ಕಾಂತಿ ಕುಂದಿದಂತೆ ಕಾಣುವುದರಿಂದ ನಾವು ತುಸು ಬಿಳುಪನ್ನು ಬೆರೆಸಿ ಬಿಸಿಲನ್ನು ಸಾಲ ತರುತ್ತೇವೆ. ಅದೇ 29 ಮೀಟರಿನ ಲೆಕ್ಕ ಇನ್ನೊಂದು ಶ್ರಮವನ್ನೂ ಉಳಿಸಿತು. ಕಣ್ಣು ಬೇರ್ಪಡಿಸಿ ನೋಡಬಲ್ಲ ಕೋನವು ಡಿಗ್ರಿಯ ಅರವತ್ತನೆಯ ಒಂದು ಭಾಗ. ಆ ದೂರದಲ್ಲಿ ಅದು 8 ಮಿಲಿಮೀಟರಿಗಿಂತ ತುಸು ಹೆಚ್ಚು. ಸವಾರನ ಕಣ್ಣಿನ ಬಿಳಿ ಹೇಗೂ ಕಾಣದು. ಹುಬ್ಬಿನ ಕೆಳಗೊಂದು ಕಪ್ಪು ಗೆರೆ ಸಾಕು. ಬಿಳಿಯ ಚುಕ್ಕೆಯಿಟ್ಟವರ ಸೈನಿಕರು ಸದಾ ಬೆಚ್ಚಿಬಿದ್ದವರಂತಿರುತ್ತಾರೆ.

ನೆಲಕ್ಕೆ ಜಗಳೂರಿನ ಹುಡುಗನು ತನ್ನ ಹೊಲದಿಂದ ಹಿಡಿ ಎರೆಮಣ್ಣನ್ನು ತಂದನು. ಅರ್ಧ ಮಿಲಿಮೀಟರಿನ ಹರಳು ಇಲ್ಲಿ 3.6 ಸೆಂಟಿಮೀಟರಿನ ಕಲ್ಲಾಗುವುದರಿಂದ ಮಣ್ಣನ್ನು ವಸ್ತ್ರಗಾಳಿತ ಮಾಡಿದೆವು. ಡ್ರಾಗೂನರು ಸಾಲಾಗಿ ನಿಂತಿದ್ದಾರೆ. ಎದುರಿಗೆ ಹನ್ನೆರಡು ಸವಾರರು, ಹನ್ನೆರಡು ಬಗೆಯ ಮುಂಡಾಸು. ಅವರಲ್ಲಿ ಧೋಂಡಿಯ ಯಾರೆಂಬುದನ್ನು ಚನ್ನಗಿರಿಯವನೇ ಆರಿಸಿದನು. ಎಲ್ಲರಿಗಿಂತ ಮುಂದಿದ್ದವನನ್ನಲ್ಲ, ಹಿಂದಕ್ಕೆ ತಿರುಗಿ ನೋಡುತ್ತಿದ್ದವನನ್ನು.

ಅವನು ನೋಡುತ್ತಿರುವ ಕಡೆ ಸಾಮಾನು ಸರಂಜಾಮುಗಳಿವೆ. ಅಂದು ಕಾಳಗ ಮುಗಿದ ಮೇಲೆ ಆ ಗಂಟುಮೂಟೆಗಳ ನಡುವೆ ಸಲಾಬತ್ ಖಾನನೆಂಬ ಅವನ ಎಳೆಯ ಮಗನು ಸಿಕ್ಕಿದನು. ವೆಲ್ಲೆಸ್ಲಿಯು ಆ ಮಗುವನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕಿದನು. ಹಿಂದೂಸ್ಥಾನವನ್ನು ಬಿಡುವಾಗ ಅವನ ಪೋಷಣೆಗೆಂದು ಹಣವನ್ನಿಟ್ಟು ಹೋದನು. ಒಂದು ಮೀಟರು ಎತ್ತರದ ಮಗುವೆಂದರೆ ನಮ್ಮ ಮಾನದಲ್ಲಿ 14 ಮಿಲಿಮೀಟರು. ಅಶ್ವದಳದ ಪೆಟ್ಟಿಗೆಯಲ್ಲಿ ಮಕ್ಕಳಿರುವುದಿಲ್ಲವಷ್ಟೆ. ಹುಡುಗರು ಎಂ-ಸೀಲನ್ನು ಮಿದ್ದು ಗುಂಡುಸೂಜಿಯ ಸುತ್ತ ಅವನನ್ನು ಮೂರು ಬಾರಿ ತಿದ್ದಿದ್ದಾರೆ. ಮೂರೂ ಸಲ ಅವನು ಕುಳ್ಳನಾದ ಸೈನಿಕನಂತೆಯೇ ಬಂದಿದ್ದಾನೆ. ಮಕ್ಕಳ ತಲೆ ಮೈಗಿಂತ ಎಷ್ಟು ದೊಡ್ಡದಿರುತ್ತದೆಂದು ಅಳೆಯಲು, ಅವರೀಗ ಪಕ್ಕದ ಮನೆಯ ಮಗುವಿನ ಬಳಿಗೆ ಟೇಪು ಹಿಡಿದು ಹೋಗಿದ್ದಾರೆ.