ಐ7 ಅಂದ ತಕ್ಷಣ ದುಡ್ಡು ಕೊಡಬೇಡಿ: ಮನೆ ಪಿಸಿಗೆ ಪ್ರೊಸೆಸರ್ ಆರಿಸೋದು ಹೇಗೆ?

ಇವತ್ತು ಒಂದೇ ವಿಷಯ. ಮನೆಗೆ ಪಿಸಿ ಜೋಡಿಸೋಕೆ ಹೊರಟವರು ಪ್ರೊಸೆಸರ್ ಹೇಗೆ ಆರಿಸಬೇಕು? ನಾನು ಎಂಜಿನಿಯರ್ ಅಲ್ಲ, ಬಿ.ಕಾಂ. ಓದಿದವನು. ಹಾಗಾಗಿ ಯಾವುದೇ ಚಾರ್ಟ್‌ಗಿಂತ ಮೊದಲು ಬಿಲ್ ನೋಡ್ತೀನಿ.

ಮೊನ್ನೆ ಒಬ್ಬ ಕೇಳುಗ ವಾಟ್ಸಾಪ್‌ನಲ್ಲಿ ಒಂದು ಕೊಟೇಷನ್ ಕಳಿಸಿದ್ದ. ಡಿಗ್ರಿ ಎರಡನೇ ವರ್ಷ. ಅಮ್ಮ ಚೀಟಿ ಎತ್ತಿ ಕೊಟ್ಟ ದುಡ್ಡು. ಮದುವೆ ವಿಡಿಯೋ ಎಡಿಟ್ ಮಾಡಿ ಫೀಸು ತಾನೇ ಕಟ್ಟಬೇಕು ಅನ್ನೋ ಆಸೆ. ಕೊಟೇಷನ್‌ನಲ್ಲಿ ಇದ್ದಿದ್ದು 'ಐ7 ಪ್ರೊಸೆಸರ್' ಅಂತ ಅಷ್ಟೇ. "ಯಾವ ಐ7 ಅಂತ ಕೇಳು" ಅಂದೆ. ಬಂದ ಉತ್ತರ: ಐ7-7700.

ಇದು 2017ರ ಜನವರಿಯಲ್ಲಿ ಬಂದ ಚಿಪ್. 4 ಕೋರ್, 8 ಥ್ರೆಡ್. 2022ರ ಜನವರಿಯಲ್ಲಿ ಬಂದ ಐ3-12100ರಲ್ಲೂ 4 ಕೋರ್, 8 ಥ್ರೆಡ್ಡೇ ಇರೋದು. ಆದರೆ ಐದು ವರ್ಷದಲ್ಲಿ ಕೋರ್‌ನ ವಿನ್ಯಾಸವೇ ಬದಲಾಗಿದೆ, ಅಷ್ಟೇ ಸಮಯದಲ್ಲಿ ಒಂದೊಂದು ಕೋರ್ ಹೆಚ್ಚು ಕೆಲಸ ಮುಗಿಸುತ್ತೆ. ಹಾಗಾಗಿ ಈ ಐ3 ಆ ಐ7ನ್ನು ಹಿಂದೆ ಹಾಕುತ್ತೆ. ಇನ್ನೊಂದು ತೊಂದರೆ, ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿ ಐ7-7700 ಇಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ.

ಅಂದ್ರೆ 3, 5, 7, 9 ಅನ್ನೋದು ಒಂದೇ ಬ್ಯಾಚ್‌ನೊಳಗಿನ ರ್‍ಯಾಂಕ್ ಇದ್ದ ಹಾಗೆ. ಬೇರೆ ಬೇರೆ ಬ್ಯಾಚ್‌ಗಳನ್ನು ಅದರಿಂದ ಹೋಲಿಸೋಕಾಗಲ್ಲ. ಬ್ಯಾಚ್ ಯಾವುದು ಅಂತ ಹೇಳೋದು ಆಮೇಲಿನ ಸಂಖ್ಯೆ: 12400 ಅಂದ್ರೆ 12ನೇ ತಲೆಮಾರು, 7700 ಅಂದ್ರೆ 7ನೇದು.

ಈಗ ಕೊನೆಯ ಅಕ್ಷರ. ಇಂಟೆಲ್‌ನಲ್ಲಿ 'ಎಫ್' ಇದ್ರೆ ಒಳಗೆ ಗ್ರಾಫಿಕ್ಸ್ ಇಲ್ಲ ಅಂತ. ಬೇರೆ ಗ್ರಾಫಿಕ್ಸ್ ಕಾರ್ಡ್ ಹಾಕದಿದ್ರೆ ಮಾನಿಟರ್‌ನಲ್ಲಿ ಏನೂ ಬರಲ್ಲ. ಎಎಂಡಿಯಲ್ಲಿ ರೈಜನ್ 5 5600ಗೆ ಗ್ರಾಫಿಕ್ಸ್ ಇಲ್ಲ, 5600ಜಿಗೆ ಇದೆ. ವಿಡಿಯೋ ಎಡಿಟ್ ಮಾಡೋರಿಗೆ ಇದು ಮುಖ್ಯ. ಇಂಟೆಲ್‌ನ ಒಳಗಿನ ಗ್ರಾಫಿಕ್ಸ್ ಜೊತೆಗೇ 'ಕ್ವಿಕ್ ಸಿಂಕ್' ಬರುತ್ತೆ, ವಿಡಿಯೋ ಪ್ಲೇ ಮಾಡೋಕೆ, ಎಕ್ಸ್‌ಪೋರ್ಟ್ ಮಾಡೋಕೆ ಅದು ನೆರವಾಗುತ್ತೆ. ಅದಕ್ಕೇ ಆ ಹುಡುಗನಿಗೆ ನಾನು ಹೇಳಿದ್ದು 6 ಕೋರ್‌ನ ಐ5-12400, ಎಫ್ ಇಲ್ಲದ್ದು.

ಇನ್ನು ಬಿಲ್. ಪ್ರೊಸೆಸರ್ ಬೆಲೆಯನ್ನು ಒಂದೇ ನೋಡಬೇಡಿ. ಪ್ರೊಸೆಸರ್, ಮದರ್‌ಬೋರ್ಡ್, ರ್‍ಯಾಮ್, ಮೂರನ್ನೂ ಕೂಡಿಸಿ ಹೋಲಿಸಿ. ಎಎಂಡಿಯ ಎಎಂ4 ಬೋರ್ಡ್‌ಗೆ ಡಿಡಿಆರ್4 ರ್‍ಯಾಮ್ ಬೇಕು, ಎಎಂ5ಗೆ ಡಿಡಿಆರ್5 ಮಾತ್ರ. ಇಂಟೆಲ್ 12, 13, 14ನೇ ತಲೆಮಾರಿಗೆ ಎರಡೂ ಬಗೆಯ ಬೋರ್ಡ್ ಸಿಗುತ್ತೆ, ಆದರೆ ಡಿಡಿಆರ್4 ಬೋರ್ಡ್‌ಗೆ ಡಿಡಿಆರ್5 ಕೂರಲ್ಲ. ಪ್ರೊಸೆಸರ್‌ನಲ್ಲಿ ಉಳಿಸಿದ ದುಡ್ಡು ರ್‍ಯಾಮ್‌ಗೆ ಹೋದ್ರೆ ಅದು ಉಳಿತಾಯ ಹೇಗಾಗುತ್ತೆ?

ಕೆಲಸ ನೋಡಿ ಆರಿಸಿ. ಟ್ಯಾಲಿ, ಎಕ್ಸೆಲ್, ಆನ್‌ಲೈನ್ ಕ್ಲಾಸ್‌ಗೆ ಹೊಸ ತಲೆಮಾರಿನ 4 ಕೋರ್ ಸಾಕು. ಗೇಮ್ ಆಡೋರು 6 ಕೋರ್ ತಗೊಂಡು, ಮಿಕ್ಕ ದುಡ್ಡನ್ನು ಗ್ರಾಫಿಕ್ಸ್ ಕಾರ್ಡ್‌ಗೆ ಹಾಕಿ. ದಿನಾ ಎಡಿಟಿಂಗ್ ಮಾಡೋರಿಗೆ 6 ಕೋರ್‌ಗಿಂತ ಕಮ್ಮಿ ಬೇಡ, ರ್‍ಯಾಮ್ 16 ಜಿಬಿಗಿಂತ ಕಮ್ಮಿ ಬೇಡ.

ಎಸ್.ಪಿ. ರೋಡ್‌ಗೆ ಹೋಗಿ, ಆನ್‌ಲೈನ್‌ನಲ್ಲಿ ತರಿಸಿ, ಮೂರು ಪ್ರಶ್ನೆ ಕೇಳದೆ ದುಡ್ಡು ಕೊಡಬೇಡಿ. ಪೂರ್ತಿ ಮಾಡೆಲ್ ನಂಬರ್ ಏನು? ಒಳಗೆ ಗ್ರಾಫಿಕ್ಸ್ ಇದೆಯಾ? ಬೋರ್ಡ್‌ಗೆ ಯಾವ ರ್‍ಯಾಮ್? ಆ ಮಾಡೆಲ್ ನಂಬರನ್ನು ಜಿಎಸ್‌ಟಿ ಬಿಲ್ ಮೇಲೆ ಬರೆಸಿಕೊಳ್ಳಿ. ನಾಳೆ ವಾರಂಟಿಗೆ ಓಡಾಡುವಾಗ ಕೈಯಲ್ಲಿರೋದು ಆ ಕಾಗದವೇ.

ನಿಮ್ಮ ಹತ್ರಾನೂ ಕೊಟೇಷನ್ ಇದ್ರೆ ಕಳಿಸಿ, ಒಟ್ಟಿಗೆ ಕೂತು ಓದೋಣ. ಮುಂದಿನ ವಾರ ಸಿಗ್ತೀನಿ.