ಸಂದೇಶ ಆ್ಯಪಿನೊಳಗೆ ನಡೆಯತಕ್ಕ ಮಿನಿ ಆ್ಯಪುಗಳು: ರಚನೆ, ಉಪಯೋಗ ಮತ್ತು ಮುಂಜಾಗ್ರತೆ

ರಾಗಿಯ ಕೊಯ್ಲು ಮುಗಿದು ಮೆದೆಯು ಕಣಕ್ಕೆ ಬಂದ ಕಾಲದಲ್ಲಿ ಒಕ್ಕಣೆ ಯಂತ್ರಕ್ಕೆ ಎಲ್ಲ ಕಡೆಯಿಂದಲೂ ಒಮ್ಮೆಗೇ ಬೇಡಿಕೆ ಬರುವುದು ತಿಳಿದ ವಿಷಯವೇ ಆಗಿದೆ. ಮೋಡ ಕವಿದ ದಿನಗಳಲ್ಲಿ ಯಂತ್ರವು ಎರಡು ದಿನ ತಡವಾಗಿ ಬಂದರೆ ಮೆದೆಯು ನೆನೆದು ಕಾಳು ಕೆಡುವುದೂ ಉಂಟು. ಯಂತ್ರಗಳನ್ನು ಬಾಡಿಗೆಗೆ ಕೊಡುವ ಸಹಕಾರ ಸಂಘದವರು ಸರದಿಯನ್ನು ಫೋನಿನಲ್ಲಿ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುವಾಗ ಒಂದೇ ದಿನಕ್ಕೆ ಇಬ್ಬರ ಹೆಸರು ಸೇರಿದರೆ ಜಗಳಕ್ಕೆ ಆಸ್ಪದವಾಗುತ್ತದೆ. ಇದರ ಪರಿಹಾರಕ್ಕಾಗಿ ಪ್ರತ್ಯೇಕ ಮೊಬೈಲ್ ಆ್ಯಪನ್ನು ಮಾಡಿಸುವುದು ಹೆಚ್ಚು ವೆಚ್ಚದ ಕೆಲಸ. ಮಾಡಿಸಿದರೂ, ವರ್ಷದಲ್ಲಿ ಒಂದೆರಡು ಸಲ ಮಾತ್ರ ಬೇಕಾಗುವ ಆ್ಯಪನ್ನು ರೈತರು ತಮ್ಮ ಫೋನಿನಲ್ಲಿ ಉಳಿಸಿಕೊಳ್ಳುವರೆಂಬ ಭರವಸೆಯಿಲ್ಲ. ಆದುದರಿಂದ, ದಿನವೂ ತೆರೆಯುವ ಸಂದೇಶ ಆ್ಯಪಿನೊಳಗೇ ಇಂತಹ ಕೆಲಸವನ್ನು ನಡೆಸತಕ್ಕ ಕ್ರಮವೊಂದನ್ನು ಇಲ್ಲಿ ವಿವರಿಸಲಾಗಿದೆ.

ಪೂರ್ವ ವೃತ್ತಾಂತ

ಚೀನಾ ದೇಶದ ಟೆನ್ಸೆಂಟ್ ಕಂಪನಿಯವರು ವೀಚ್ಯಾಟ್ ಎಂಬ ಸಂದೇಶ ಆ್ಯಪನ್ನು 2011 ರಲ್ಲಿ ಹೊರತಂದು, 2017 ನೆಯ ಜನವರಿ 9 ರಂದು ಅದರೊಳಗೆ ಮಿನಿ ಪ್ರೋಗ್ರಾಂ ಎಂಬ ಸೌಕರ್ಯವನ್ನು ಆರಂಭಿಸಿದರು. ಬೇಕಾದಾಗ ತೆರೆದು, ಕೆಲಸವಾದೊಡನೆ ಬಿಟ್ಟು ಹೋಗುವುದು ಅದರ ಉದ್ದೇಶವಾಗಿತ್ತು. ಪಾವೆಲ್ ಮತ್ತು ನಿಕೊಲಾಯ್ ದೂರೋವ್ ಸಹೋದರರು 2013 ರಲ್ಲಿ ಸ್ಥಾಪಿಸಿದ ಟೆಲಿಗ್ರಾಂ ಆ್ಯಪಿನಲ್ಲಿ, ಯಂತ್ರವೇ ಉತ್ತರ ಕೊಡುವ ಬಾಟ್ ಖಾತೆಗಳು 2015 ರಲ್ಲಿಯೂ, ಬಾಟಿನ ಮೂಲಕ ವೆಬ್ ಪುಟವನ್ನು ಒಳಗೇ ತೆರೆಯುವ ಏರ್ಪಾಡು 2022 ನೆಯ ಏಪ್ರಿಲಿನಲ್ಲಿಯೂ ಬಂದವು. ಈ ಎರಡನೆಯದಕ್ಕೆ ಈಗ ಮಿನಿ ಆ್ಯಪ್ ಎಂದು ಹೆಸರು. ಬೆಂಗಳೂರಿನ ನಮ್ಮ ಮೆಟ್ರೋದವರು 2022 ನೆಯ ನವೆಂಬರಿನಿಂದ ವಾಟ್ಸ್ಆ್ಯಪ್ ಮೂಲಕ ಟಿಕೆಟ್ಟು ಕೊಡಲು ಆರಂಭಿಸಿದ್ದು ಇದಕ್ಕೆ ಸಮೀಪದ ಉದಾಹರಣೆ. ಆದರೆ ಅದು ಪ್ರಶ್ನೋತ್ತರ ರೂಪದ ಸಂಭಾಷಣೆಯಿಂದ ನಡೆಯತಕ್ಕದ್ದು, ಪೂರ್ಣ ಪುಟವಲ್ಲ.

ರಚನೆಯ ಕ್ರಮ

ಟೆಲಿಗ್ರಾಮಿನ ಮಿನಿ ಆ್ಯಪ್ ಎಂಬುದು ಸ್ವರೂಪದಲ್ಲಿ ಸಾಧಾರಣ ವೆಬ್ ಪುಟವೇ ಹೊರತು ಬೇರೆಯಲ್ಲ. ವೆಬ್ ಪುಟಗಳನ್ನು ಬರೆಯಬಲ್ಲ ಯಾವ ತರುಣನಾದರೂ ಇದನ್ನು ಮಾಡಬಹುದು. ಕ್ರಮವು ಹೀಗಿದೆ:

1. ಟೆಲಿಗ್ರಾಮಿನಲ್ಲಿರುವ ಬಾಟ್‌ಫಾದರ್ ಎಂಬ ಅಧಿಕೃತ ಖಾತೆಗೆ ಸಂದೇಶ ಕಳುಹಿಸಿ, ಸಂಘದ ಹೆಸರಿನಲ್ಲಿ ಒಂದು ಬಾಟನ್ನು ನೋಂದಾಯಿಸಬೇಕು. ಇದಕ್ಕೆ ಶುಲ್ಕವಿಲ್ಲ. ಆಗ ಟೋಕನ್ ಎಂಬ ಉದ್ದವಾದ ರಹಸ್ಯಾಕ್ಷರಗಳ ಸಾಲು ದೊರೆಯುತ್ತದೆ.

2. ಪುಟವನ್ನು ಸಂಘದ ಸ್ವಾಧೀನದಲ್ಲಿರುವ ಸರ್ವರಿನಲ್ಲಿ ಇಡಬೇಕು. ಅದರ ವಿಳಾಸವು ಎಚ್‌ಟಿಟಿಪಿಎಸ್ ಎಂಬ ಸುರಕ್ಷಿತ ಕ್ರಮದ್ದಾಗಿರಬೇಕು.

3. ಟೆಲಿಗ್ರಾಮಿನವರು ಒದಗಿಸಿರುವ ಜಾವಾಸ್ಕ್ರಿಪ್ಟ್ ಕಡತವೊಂದನ್ನು ಪುಟಕ್ಕೆ ಸೇರಿಸಬೇಕು. ಇದರಿಂದ ಪುಟಕ್ಕೆ ಬಳಕೆದಾರರ ಟೆಲಿಗ್ರಾಂ ಆ್ಯಪಿನ ಬಣ್ಣಗಳೂ, ಕೆಳಭಾಗದ ದೊಡ್ಡ ಗುಂಡಿಯೂ, ತೆರೆದವರ ಖಾತೆಯ ಸಂಖ್ಯೆ ಮತ್ತು ಹೆಸರೂ ದೊರೆಯುತ್ತವೆ. ಫೋನ್ ನಂಬರು ಮಾತ್ರ ಖಾತೆದಾರರು ಒಪ್ಪಿದ ಹೊರತು ದೊರೆಯುವುದಿಲ್ಲ.

4. ಕೊನೆಗೆ ಪುಟದ ವಿಳಾಸವನ್ನು ಬಾಟಿನ ಮೆನು ಗುಂಡಿಗೆ ಜೋಡಿಸಬೇಕು. ರೈತರು ಗುಂಡಿಯನ್ನು ಒತ್ತಿದೊಡನೆ ಸಂದೇಶಗಳ ಮೇಲೆಯೇ ಸರದಿಯ ಪುಟವು ತೆರೆಯುತ್ತದೆ.

ಮುದ್ರೆಯ ಪರೀಕ್ಷೆ

ಇಷ್ಟು ಕೆಲಸವು ಸುಲಭವಾದುದು. ಆದರೆ ಹೆಚ್ಚಿನ ಹಾನಿಯು ಇದರ ಮುಂದಿನ ಹೆಜ್ಜೆಯಲ್ಲಿ ಸಂಭವಿಸತಕ್ಕದ್ದಾದುದರಿಂದ, ಮುಖಂಡರು ಇದನ್ನು ಚೆನ್ನಾಗಿ ತಿಳಿಯಬೇಕು. ಪುಟವನ್ನು ತೆರೆದವರು ಯಾರೆಂಬುದನ್ನು ತಿಳಿಸುವ ಮಾಹಿತಿಯು ಅವರ ಫೋನಿನಿಂದಲೇ ಸರ್ವರಿಗೆ ಬರುತ್ತದೆ. ಕೌಶಲವುಳ್ಳ ವಂಚಕನು ಅದನ್ನು ತಿದ್ದಿ, ರಾಮಣ್ಣನ ಖಾತೆಯಿಂದ ಬಂದಂತೆ ತೋರಿಸಿ, ರಾಮಣ್ಣನ ಸರದಿಯನ್ನು ರದ್ದು ಮಾಡಬಹುದು.

ಇದನ್ನು ತಡೆಯುವುದಕ್ಕಾಗಿ ಟೆಲಿಗ್ರಾಮಿನವರು ಆ ಮಾಹಿತಿಗೆ ಹ್ಯಾಶ್ ಎಂಬ ಮುದ್ರೆಯನ್ನು ಹಾಕಿ ಕಳುಹಿಸುತ್ತಾರೆ. ಹಿಂದಿನ ಕಾಲದಲ್ಲಿ ಲಕೋಟೆಗೆ ಅರಗಿನ ಮುದ್ರೆ ಒತ್ತುತ್ತಿದ್ದಂತೆ ಇದನ್ನು ತಿಳಿಯಬಹುದು. ಸಂಘದ ಸರ್ವರು ಹ್ಯಾಶನ್ನು ಬಿಟ್ಟು ಉಳಿದ ಅಂಶಗಳನ್ನು ಅಕಾರಾದಿಯಾಗಿ ಜೋಡಿಸಿ, ಬಾಟಿನ ಟೋಕನ್ನಿನಿಂದ ಪಡೆದ ಬೀಗದಕೈಯೊಡನೆ ಎಚ್‌ಮ್ಯಾಕ್-ಎಸ್‌ಎಚ್‌ಎ-256 ಎಂಬ ಗಣಿತಕ್ರಮವನ್ನು ನಡೆಸಬೇಕು. ಬಂದ ಉತ್ತರವು ಹ್ಯಾಶಿನೊಡನೆ ಅಕ್ಷರಶಃ ಸರಿಹೊಂದಿದರೆ ಮಾತ್ರ ಮಾಹಿತಿಯನ್ನು ನಂಬಬೇಕು. ಒಂದು ಅಕ್ಷರವನ್ನು ತಿದ್ದಿದ್ದರೂ ಉತ್ತರವು ಬೇರೆಯಾಗುತ್ತದೆ. ಮಾಹಿತಿಯೊಳಗೆ ವೇಳೆಯೂ ನಮೂದಾಗಿರುವುದರಿಂದ, ಹಳೆಯದಾದುದನ್ನು ತಿರಸ್ಕರಿಸುವುದೂ ಅವಶ್ಯಕ. ಈ ಪರೀಕ್ಷೆಯಿಲ್ಲದೆಯೂ ಪುಟವು ನೋಡುವುದಕ್ಕೆ ಸರಿಯಾಗಿಯೇ ನಡೆಯುವುದರಿಂದ ನ್ಯೂನತೆಯು ಹೊರಗೆ ಕಾಣುವುದಿಲ್ಲ. ಕೆಲಸವನ್ನು ವಹಿಸಿಕೊಂಡವರನ್ನು ಕೇಳಿಯೇ ತಿಳಿಯಬೇಕು.

ಟೋಕನ್ ಕೈಬಿಟ್ಟರೆ ಮುದ್ರೆಯೇ ಕೈಬಿಟ್ಟಂತೆ. ಅದನ್ನು ಪುಟದೊಳಗೆ ಬರೆಯಕೂಡದು, ಸಂದೇಶದಲ್ಲಿ ಹಂಚಕೂಡದು. ಪರರ ಪಾಲಾಯಿತೆಂಬ ಸಂಶಯ ಬಂದೊಡನೆ ಬಾಟ್‌ಫಾದರಿನ ಮೂಲಕ ಹಳೆಯದನ್ನು ರದ್ದುಪಡಿಸಿ ಹೊಸದನ್ನು ಪಡೆಯಬೇಕು.

ಮುದ್ರೆಯು ತಿಳಿಸದ ವಿಷಯ

ಮುದ್ರೆಯು ಖಾತೆ ಯಾವುದೆಂಬುದನ್ನು ಮಾತ್ರ ದೃಢಪಡಿಸುತ್ತದೆ. ಆ ಖಾತೆಯವರು ಸಂಘದ ಸದಸ್ಯರೇ, ಜಮೀನುಳ್ಳವರೇ ಎಂಬುದನ್ನು ಹೇಳುವುದಿಲ್ಲ. ಟೆಲಿಗ್ರಾಮಿನಲ್ಲಿ ಯಾರು ಯಾವ ಹೆಸರನ್ನಾದರೂ ಇಟ್ಟುಕೊಳ್ಳಬಹುದು. ಆದುದರಿಂದ ಪ್ರತಿ ಸದಸ್ಯರೂ ಒಮ್ಮೆ ಸಂಘದ ಕಚೇರಿಗೆ ಬಂದು, ಗುಮಾಸ್ತರ ಎದುರಿನಲ್ಲಿ ತಮ್ಮ ಖಾತೆಯ ಸಂಖ್ಯೆಯನ್ನು ಸದಸ್ಯತ್ವದ ಸಂಖ್ಯೆಯೊಡನೆ ಸೇರಿಸಿಕೊಳ್ಳುವ ನಿಯಮವಿರಬೇಕು. ಫೋನಿಲ್ಲದ ಸದಸ್ಯರ ಸರದಿಯನ್ನು ಗುಮಾಸ್ತರೇ ಅದೇ ಪಟ್ಟಿಯಲ್ಲಿ ನಮೂದಿಸುವ ಅನುಕೂಲವಿಲ್ಲದಿದ್ದರೆ, ಬಡವರ ಮೆದೆಯೇ ಕೊನೆಗೆ ಉಳಿಯುವುದು.

ಸರದಿಯನ್ನು ಕೊಡುವ ತೀರ್ಮಾನವೂ ಸರ್ವರಿನಲ್ಲಿಯೇ ಆಗಬೇಕು. ಇಬ್ಬರ ಪರದೆಯ ಮೇಲೂ ಒಂದೇ ದಿನವು ಖಾಲಿಯೆಂದು ಕಂಡು, ಇಬ್ಬರೂ ಒಂದೇ ಕ್ಷಣದಲ್ಲಿ ಗುಂಡಿ ಒತ್ತಬಹುದು. ಒಂದು ಯಂತ್ರಕ್ಕೆ ಒಂದು ದಿನದಲ್ಲಿ ಒಂದೇ ದಾಖಲೆ ಎಂಬ ನಿಯಮವನ್ನು ಡೇಟಾಬೇಸಿನಲ್ಲಿಯೇ ವಿಧಿಸಿದರೆ, ಮೊದಲು ತಲಪಿದವರಿಗೆ ಸರದಿಯೂ ಎರಡನೆಯವರಿಗೆ ಬೇರೆ ದಿನದ ಸೂಚನೆಯೂ ದೊರೆಯುತ್ತವೆ.

ಗೇಣಿ ಭೂಮಿಯ ವಿವೇಕ

ಪರರ ಆ್ಯಪಿನೊಳಗೆ ಕೆಲಸ ನಡೆಸುವುದು ಗೇಣಿ ಭೂಮಿಯಲ್ಲಿ ಬೆಳೆಯಿಟ್ಟಂತೆ. ಒಡೆಯರು ಕರಾರನ್ನು ಬದಲಾಯಿಸಬಹುದು. ಡಿಜಿಟಲ್ ಸರಕು ಮತ್ತು ಸೇವೆಗಳನ್ನು ಟೆಲಿಗ್ರಾಂ ಸ್ಟಾರ್ಸ್ ಎಂಬ ಅವರದೇ ನಾಣ್ಯದಲ್ಲಿ ಮಾರಬೇಕೆಂದು 2024 ರಲ್ಲಿ ಆದ ನಿಯಮವೇ ಇದಕ್ಕೆ ನಿದರ್ಶನ. ಯಂತ್ರದ ಬಾಡಿಗೆಯಂತಹ ಹೊರಗಿನ ವ್ಯವಹಾರಕ್ಕೆ ಅದು ಅನ್ವಯಿಸದಿದ್ದರೂ, ಗೇಣಿದಾರನು ಬಿತ್ತನೆಯ ಬೀಜವನ್ನು ತನ್ನ ಮನೆಯಲ್ಲಿಯೇ ಇಟ್ಟುಕೊಳ್ಳುವಂತೆ, ಸದಸ್ಯರ ಪಟ್ಟಿ, ಸರದಿ ಮತ್ತು ಹಣದ ಲೆಕ್ಕಗಳು ಸಂಘದ ಡೇಟಾಬೇಸಿನಲ್ಲಿಯೇ ಇರಬೇಕು; ಅವುಗಳ ನಕಲನ್ನೂ ಆಗಾಗ ತೆಗೆದಿಡಬೇಕು. ಹಾಗಿದ್ದಲ್ಲಿ, ನಾಳೆ ಬಾಟು ನಿಂತರೂ, ಗುರುತು ಹಿಡಿಯುವ ಭಾಗವನ್ನು ಮಾತ್ರ ಬದಲಾಯಿಸಿ ಅದೇ ಪುಟವನ್ನು ಸಾಧಾರಣ ಬ್ರೌಸರಿನಲ್ಲಿ ನಡೆಸಬಹುದು.

ಮಿನಿ ಆ್ಯಪನ್ನು ಯಾರು ಬೇಕಾದರೂ ಮಾಡಬಹುದಾದುದರಿಂದ, ಅದು ಪ್ರಸಿದ್ಧ ಸಂದೇಶ ಆ್ಯಪಿನೊಳಗೆ ಕಂಡಿತೆಂದು ನಂಬಿಕೆಗೆ ಅರ್ಹವಾಗುವುದಿಲ್ಲವೆಂಬುದನ್ನೂ ಗ್ರಾಮಸ್ಥರಿಗೆ ತಿಳಿಯಹೇಳಬೇಕು. ಬ್ಯಾಂಕಿನ ಒಟಿಪಿಯನ್ನೂ ಪಿನ್ನನ್ನೂ ಇಂತಹ ಪುಟದಲ್ಲಿ ಬರೆಯಕೂಡದು. ಸಂಘದ ಬಾಟಿನ ಸರಿಯಾದ ಹೆಸರನ್ನು ಕಚೇರಿಯ ಗೋಡೆಯ ಮೇಲೆ ದೊಡ್ಡಕ್ಷರಗಳಲ್ಲಿ ಬರೆಸಿಡುವುದು ಅಲ್ಪ ವೆಚ್ಚದ, ಹೆಚ್ಚು ಪ್ರಯೋಜನದ ಕಾರ್ಯವಾಗಿದೆ.

ಮುದ್ರೆಯನ್ನು ಪರೀಕ್ಷಿಸಿ, ಟೋಕನ್ನನ್ನು ಕಾಪಾಡಿ, ಲೆಕ್ಕವನ್ನು ಸ್ವಂತದಲ್ಲಿಟ್ಟುಕೊಂಡು ನಡೆಸಿದ ಪಕ್ಷದಲ್ಲಿ, ಈ ಸೌಕರ್ಯದಿಂದ ಸುಗ್ಗಿಯ ಕಾಲದಲ್ಲಿ ರೈತರ ಓಡಾಟವೂ ಕಣದ ನಷ್ಟವೂ ಕಡಮೆಯಾಗುವುವು. ಮುಖಂಡರು ಸುಗ್ಗಿಗೆ ಎರಡು ತಿಂಗಳು ಮೊದಲೇ ಕೆಲವೇ ಸದಸ್ಯರೊಡನೆ ಪ್ರಯೋಗ ಮಾಡಿ, ದೋಷಗಳನ್ನು ತಿದ್ದಿಕೊಂಡು ವಿಸ್ತರಿಸುವುದು ಉಚಿತ.