ಭಯವು ಕಾಯಿಲೆಯಾದಾಗ

ಭಯವೆಂಬುದು ಸೃಷ್ಟಿಕರ್ತನು ಮನುಷ್ಯನಿಗಿತ್ತ ಕಾವಲುಗಾರ. ಮಧುಗಿರಿಯ ಏಕಶಿಲಾ ಬೆಟ್ಟವನ್ನು ಏರುವವನು ಕಡಿದಾದ ಬಂಡೆಯ ಮೇಲೆ ಹೆಜ್ಜೆಯನ್ನು ನೋಡಿ ಇಡುತ್ತಾನೆ. ಗುಡ್ಡದಂಚಿನ ಹೊಲಕ್ಕೆ ರಾತ್ರಿ ನೀರು ಕಟ್ಟಲು ಹೋಗುವ ಪಾವಗಡದ ರೈತನು ಕರಡಿ, ಚಿರತೆಗಳ ನೆನಪಿನಿಂದ ಬ್ಯಾಟರಿ ಹಿಡಿದೇ ಹೊರಡುತ್ತಾನೆ. ಮಳೆ ಕೈಕೊಟ್ಟ ವರ್ಷ ಶಿರಾದ ಶೇಂಗಾ ಬೆಳೆಗಾರನಿಗೆ ಸಾಲದ ಚಿಂತೆಯಿಂದ ನಿದ್ದೆ ಬಾರದು. ಇವೆಲ್ಲ ಸಹಜ. ಆದರೆ ಕಾವಲುಗಾರನೇ ಮನೆಯೊಡೆಯನನ್ನು ಒಳಗೆ ಕೂಡಿಹಾಕಿ ಬೀಗ ಜಡಿದರೆ? ಭಯವು ಕಾಯಿಲೆಯಾಗುವುದು ಆಗಲೇ.

2022ರ ಮಾರ್ಚ್ 19ರಂದು ಪಾವಗಡ ತಾಲ್ಲೂಕಿನ ಪಳವಳ್ಳಿಯ ಬಳಿ ಕಿಕ್ಕಿರಿದು ತುಂಬಿದ್ದ ಖಾಸಗಿ ಬಸ್ಸೊಂದು ಉರುಳಿ, ವಿದ್ಯಾರ್ಥಿಗಳೂ ಸೇರಿದಂತೆ ಹಲವರು ಪ್ರಾಣ ಕಳೆದುಕೊಂಡುದನ್ನು ನಮ್ಮ ಸೀಮೆಯವರು ಮರೆತಿಲ್ಲ. ಇಂಥ ದುರಂತದ ಸುದ್ದಿ ಕೇಳಿದ ಹುಡುಗಿಯೊಬ್ಬಳು ಕೆಲವು ದಿನ ಬಸ್ಸು ಹತ್ತಲು ಅಂಜಿದರೆ ಅದರಲ್ಲಿ ಅಚ್ಚರಿಯಿಲ್ಲ. ಆದರೆ ತಿಂಗಳುಗಳು ಉರುಳಿದರೂ ಬಸ್ಸಿನ ಸದ್ದಿಗೇ ಅವಳ ಕೈಕಾಲು ತಣ್ಣಗಾಗಿ, ಕಾಲೇಜು ನಿಂತು, ಸಂತೆಗೂ ಹೋಗಲಾರದೆ ಅವಳು ಮನೆಯಲ್ಲೇ ಉಳಿದಳೆಂದು ಭಾವಿಸೋಣ. ಮನೆಯವರು ‘ಓದಲು ಸೋಮಾರಿತನ’ ಎನ್ನಬಹುದು. ನೆರೆಯವರು ‘ಗಾಳಿ ಸೋಕಿದೆ’ ಎಂದು ತಾಯತ ಕಟ್ಟಿಸಲು ಹೇಳಬಹುದು. ಭಕ್ತರೊಬ್ಬರು ‘ವಿಶ್ವಾಸ ಸಾಲದು’ ಎಂದು ತೀರ್ಪು ಕೊಡಬಹುದು. ಮೂರೂ ಅವಳಿಗೆ ನೆರವಾಗವು.

ಕತ್ತಲಲ್ಲಿ ಹಗ್ಗವನ್ನು ಹಾವೆಂದು ಭ್ರಮಿಸಿ ನಡುಗುವವನ ದೃಷ್ಟಾಂತವನ್ನು ನಮ್ಮ ದೇಶದ ದಾರ್ಶನಿಕರು ಬಹಳ ಹಿಂದೆಯೇ ಕೊಟ್ಟಿದ್ದಾರೆ. ದೀಪ ತಂದರೆ ಭ್ರಮೆ ಹರಿಯುತ್ತದೆ, ಭಯವೂ ಅಳಿಯುತ್ತದೆ. ಫೋಬಿಯಾ ಎಂದು ವೈದ್ಯರು ಕರೆಯುವ ವಿಪರೀತ ಭಯದ ವಿಚಿತ್ರವೇ ಬೇರೆ. ಇಲ್ಲಿ ದೀಪವಿದೆ, ಅದು ಹಗ್ಗವೆಂದು ರೋಗಿಗೆ ಬಹುಮಟ್ಟಿಗೆ ಗೊತ್ತಿದೆ, ಆದರೂ ಎದೆ ಝಲ್ಲೆನ್ನುವುದು ನಿಲ್ಲದು. ಆದುದರಿಂದಲೇ ‘ಹೆದರಬೇಡ, ಅದರಲ್ಲೇನಿದೆ?’ ಎಂಬ ಬುದ್ಧಿಮಾತು ನಿಷ್ಫಲವಾಗುತ್ತದೆ. ಅವನಿಗೆ ತಿಳಿಯದ ಸಂಗತಿಯನ್ನೇನೂ ನಾವು ಹೇಳುತ್ತಿಲ್ಲ.

ಇದಕ್ಕೆ ಕಾರಣ ದೇಹದಲ್ಲಿದೆ. ಮಿದುಳಿನೊಳಗೆ ಅಪಾಯವನ್ನು ಗುರುತಿಸುವ ಅಮಿಗ್ಡಲಾ ಎಂಬ ಪುಟ್ಟ ಭಾಗವಿದೆ. ವಿವೇಚನೆ ಪೂರ್ಣಗೊಳ್ಳುವ ಮೊದಲೇ ಅದು ಎಚ್ಚರಿಕೆಯ ಗಂಟೆ ಬಾರಿಸಬಲ್ಲದು. ಅಡ್ರಿನಲಿನ್ ರಕ್ತಕ್ಕೆ ಸೇರಿ, ಹೃದಯ ವೇಗವಾಗಿ ಬಡಿದು, ಉಸಿರು ಏರಿ, ಬೆವರು ಹರಿಯುತ್ತದೆ. ಚಿರತೆ ಎದುರಾದಾಗ ಓಡಲು ಇದೇ ಬಲ ಬೇಕು. ಚಿರತೆಯೇ ಇಲ್ಲದೆ ಗಂಟೆ ಬಾರಿಸಿದರೆ, ಮನುಷ್ಯನು ಸಾವೇ ಬಂತೆಂದು ಕಂಗಾಲಾಗುತ್ತಾನೆ.

ಈ ಕಾಯಿಲೆಗೆ ರೂಪಗಳು ಹಲವು. ಎತ್ತರ, ನಾಯಿ, ಮಿಂಚುಗುಡುಗುಗಳಂಥ ಒಂದೊಂದು ವಸ್ತುವಿನ ಭಯ ಒಂದು ಬಗೆ. ರಕ್ತವನ್ನೋ ಸೂಜಿಯನ್ನೋ ಕಂಡು ರಕ್ತದೊತ್ತಡ ಕುಸಿದು ಮೂರ್ಛೆ ಹೋಗುವುದೂ ಇದರಲ್ಲೇ ಸೇರುತ್ತದೆ. ನಾಲ್ಕು ಜನರೆದುರು ನಿಂತು ವಾಚನ ಓದಲಾರದಷ್ಟು ಸಂಕೋಚಪಡುವುದು ಇನ್ನೊಂದು. ಬಲಿಪೂಜೆಯಲ್ಲಿ ಸದಾ ಬಾಗಿಲ ಬಳಿಯೇ ನಿಲ್ಲುವವರಲ್ಲಿ ಕೆಲವರಿಗೆ, ಜನಸಂದಣಿಯ ನಡುವೆ ಸಿಕ್ಕಿಬಿದ್ದರೆ ಹೊರಬರಲಾರೆನೆಂಬ ಭಯವಿರಬಹುದು. ಹಠಾತ್ತನೆ ಬಂದೆರಗುವ ಗಾಬರಿ ಮತ್ತೊಂದು. ಅದು ಸಾಮಾನ್ಯವಾಗಿ ಹತ್ತು ನಿಮಿಷಗಳೊಳಗೆ ತುತ್ತತುದಿಗೇರಿ ಬಳಿಕ ಇಳಿಯುತ್ತದೆ. ಯಾವುದೇ ಒಂದು ಕಾರಣವಿಲ್ಲದೆ ತಿಂಗಳುಗಟ್ಟಲೆ ಎಲ್ಲದರ ಬಗೆಗೂ ಚಿಂತಿಸುವುದು ಮಗದೊಂದು. ಎದೆನೋವು, ನಡುಕಗಳಿಗೆ ಹೃದಯದ ಅಥವಾ ಥೈರಾಯ್ಡ್ ಗ್ರಂಥಿಯ ದೋಷವೂ ಕಾರಣವಾಗಬಹುದಾದುದರಿಂದ ಮೊದಲು ವೈದ್ಯರಿಂದ ತಪಾಸಣೆ ಅವಶ್ಯ.

ಈ ಭಯವು ಬೆಳೆಯುವುದು ಓಟದಿಂದ. ಬಸ್ಸನ್ನು ತಪ್ಪಿಸಿಕೊಂಡ ದಿನ ಆ ಹುಡುಗಿಗೆ ನೆಮ್ಮದಿ ಸಿಗುತ್ತದೆ. ‘ಹತ್ತದಿದ್ದುದರಿಂದಲೇ ಉಳಿದೆ’ ಎಂದು ಮನಸ್ಸು ಪಾಠ ಕಲಿಯುತ್ತದೆ. ಮರುದಿನ ಭಯ ಇನ್ನಷ್ಟು ಬಲಿಯುತ್ತದೆ. ಹಾಗೆಂದು ಅವಳನ್ನು ಬಲವಂತವಾಗಿ ಬಸ್ಸಿಗೆ ತಳ್ಳುವುದೂ ತರವಲ್ಲ. ಮಾರ್ಗವು ಇವೆರಡರ ನಡುವೆ ಇದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಮೇರಿ ಕವರ್ ಜೋನ್ಸ್ 1924ರಲ್ಲಿ, ಮೊಲವೆಂದರೆ ಬೆದರುತ್ತಿದ್ದ ಪೀಟರ್ ಎಂಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದರು. ಅವನು ಇಷ್ಟದ ತಿಂಡಿ ತಿನ್ನುತ್ತಿರುವಾಗ ಪಂಜರದ ಮೊಲವನ್ನು ದೂರದಲ್ಲಿಟ್ಟು, ಸ್ವಲ್ಪ ಸ್ವಲ್ಪವಾಗಿ ಹತ್ತಿರಕ್ಕೆ ತಂದರು. ಕೊನೆಗೆ ಅವನೇ ಅದನ್ನು ಮುಟ್ಟಿ ಆಡತೊಡಗಿದನು. ಇಂದಿನ ಚಿಕಿತ್ಸೆಯ ತಿರುಳೂ ಇದೇ. ಮೊದಲು ನಿಲ್ದಾಣದಲ್ಲಿ ಕುಳಿತು ಬಸ್ಸುಗಳನ್ನು ನೋಡುವುದು, ಆಮೇಲೆ ನಿಂತ ಬಸ್ಸನ್ನು ಹತ್ತಿ ಇಳಿಯುವುದು, ಅನಂತರ ಜೊತೆಗೊಬ್ಬರನ್ನು ಕರೆದುಕೊಂಡು ಒಂದು ನಿಲುಗಡೆಯಷ್ಟು ದೂರ, ಕೊನೆಗೆ ಒಬ್ಬಳೇ. ಪ್ರತಿ ಮೆಟ್ಟಿಲಿನಲ್ಲೂ ಭಯವು ತಾನಾಗಿ ಇಳಿಯುವವರೆಗೆ ನಿಲ್ಲಬೇಕು. ಬೆಟ್ಟವನ್ನು ಒಂದೇ ಜಿಗಿತಕ್ಕೆ ಯಾರೂ ಏರರು.

ಕೆಲವರಿಗೆ ಔಷಧವೂ ಬೇಕಾಗುತ್ತದೆ. ಆತಂಕಕ್ಕೆ ಮನೋವೈದ್ಯರು ಸಾಮಾನ್ಯವಾಗಿ ಕೊಡುವ ಮಾತ್ರೆಗಳು ಫಲ ತೋರಲು ಕೆಲವು ವಾರಗಳು ಹಿಡಿಯುತ್ತವೆ. ಎರಡು ದಿನ ನುಂಗಿ ಬಿಡಬಾರದು, ಗುಣವಾಯಿತೆಂದು ಥಟ್ಟನೆ ನಿಲ್ಲಿಸಲೂ ಬಾರದು. ಅಂಗಡಿಯಿಂದ ತಾವೇ ನಿದ್ದೆಮಾತ್ರೆ ತಂದು ನುಂಗುವುದರಿಂದ, ಧೈರ್ಯಕ್ಕೆಂದು ಕುಡಿಯುವುದರಿಂದ, ಒಂದು ಕಾಯಿಲೆ ಎರಡಾಗುತ್ತದೆ.

ಇದು ಅವಿಶ್ವಾಸದ ಗುರುತೇ? ಲೊಯೋಲಾದ ಸಂತ ಇಗ್ನಾಸಿಯವರು 1522ರಲ್ಲಿ ಮನ್ರೇಸಾದಲ್ಲಿದ್ದಾಗ, ಪಾಪನಿವೇದನೆ ಮಾಡಿದ ಮೇಲೂ ಏನನ್ನೋ ಬಿಟ್ಟೆನೆಂಬ ಕಳವಳದಿಂದ ಪ್ರಾಣ ತೊರೆಯುವ ಯೋಚನೆಯವರೆಗೂ ಬಂದಿದ್ದರು. ಅವರದು ವಿಶ್ವಾಸದ ಕೊರತೆಯೆಂದು ಯಾರು ಹೇಳಿಯಾರು? ಒಂದೇ ಪಾಪವನ್ನು ಮತ್ತೆ ಮತ್ತೆ ನಿವೇದಿಸಿಯೂ ಶಾಂತಿ ಕಾಣದವರನ್ನು ಗುರುಗಳು ಸೌಮ್ಯವಾಗಿ ವೈದ್ಯರ ಬಳಿಗೂ ಕಳುಹಿಸಬೇಕು. ದೇಹ, ಆತ್ಮಗಳು ಒಂದೇ ಮನುಷ್ಯನೆಂದು ಬೋಧಿಸಿದ ಸಂತ ಥಾಮಸ್ ಅಕ್ವಿನಾಸರು ದುಃಖಕ್ಕೆ ಪರಿಹಾರಗಳನ್ನು ಹೇಳುವಾಗ ಕಣ್ಣೀರು, ಸ್ನೇಹಿತರ ಸಹಾನುಭೂತಿಗಳೊಡನೆ ನಿದ್ದೆ, ಸ್ನಾನಗಳನ್ನೂ ಸೇರಿಸಿದರು. ಪ್ರಾರ್ಥನೆಯ ಜೊತೆಗೆ ದೇಹಕ್ಕೂ ಆರೈಕೆ ಬೇಕೆಂಬುದು ಧರ್ಮಸಭೆಗೆ ಹೊಸ ಮಾತಲ್ಲ.

ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ 12 ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಂತೆ, ಆತಂಕ, ಖಿನ್ನತೆಗಳಂಥ ಸಾಮಾನ್ಯ ಮಾನಸಿಕ ಕಾಯಿಲೆಯುಳ್ಳವರಲ್ಲಿ 100ಕ್ಕೆ ಸುಮಾರು 85 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಮದುವೆಗೆ ಅಡ್ಡಿಯಾದೀತು, ಜನ ‘ಹುಚ್ಚು’ ಎಂದಾರು ಎಂಬ ಅಂಜಿಕೆಯೂ ಅನೇಕರನ್ನು ತಡೆಯುತ್ತದೆ. ನೆರವು ಈಗ ದೂರವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಗೆ 14416 ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದವರು ತಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ದೊರೆಯುವ ದಿನವನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಆದರೆ ಬಸ್ಸಿಗೇ ಅಂಜುವವಳು ಆಸ್ಪತ್ರೆಗೆ ತಾನಾಗಿ ಹೋಗಲಾರಳು. ಜೊತೆಗೆ ಯಾರಾದರೂ ಹೊರಡಲೇಬೇಕು.

ಪ್ರಿಯ ಕುಟುಂಬದವರೇ, ಮನೆಯಲ್ಲಿ ಇಂಥವರಿದ್ದರೆ ಹಾಸ್ಯ ಮಾಡದಿರೋಣ, ಮಕ್ಕಳೆದುರು ಹೀಯಾಳಿಸದಿರೋಣ. ಮರುಕದಿಂದ ಅವರ ಕೆಲಸವನ್ನೆಲ್ಲ ನಾವೇ ಮಾಡಿಕೊಟ್ಟು ಅವರ ಸೆರೆಮನೆಯನ್ನು ಭದ್ರಪಡಿಸದಿರೋಣ. ಇಟ್ಟ ಒಂದೊಂದು ಪುಟ್ಟ ಹೆಜ್ಜೆಯನ್ನೂ ಮೆಚ್ಚೋಣ. ಗೆತ್ಸೆಮನಿ ತೋಟದಲ್ಲಿ ಕಳವಳಗೊಂಡ ಯೇಸುಸ್ವಾಮಿ ತಮ್ಮ ಶಿಷ್ಯರಿಂದ ಉಪದೇಶವನ್ನು ಬೇಡಲಿಲ್ಲ. ಎಚ್ಚರವಾಗಿದ್ದು ಜೊತೆಗಿರಬೇಕೆಂದಷ್ಟೇ ಕೇಳಿದರು. ಅಂದು ಶಿಷ್ಯರು ನಿದ್ದೆಹೋದರು. ನಮ್ಮ ಮನೆಯಲ್ಲಿ ನಡುಗುತ್ತಿರುವವರ ಪಕ್ಕದಲ್ಲಿ ನಾವಾದರೂ ಎಚ್ಚರವಾಗಿರೋಣ.